ಟಿವಿ ಪಕ್ಕದ ಕಂಪ್ಯೂಟರ್: ಒಂದೇ ಫ್ಯಾನ್, ಅದೂ ನಿಧಾನಕ್ಕೆ

ಸಿನಿಮಾ ನೋಡಲೆಂದು ಟಿವಿ ಪಕ್ಕ ಇಡುವ ಕಂಪ್ಯೂಟರ್‌ನಲ್ಲಿ ಫ್ಯಾನೇ ಇರಕೂಡದು ಅನ್ನುವ ಹಟಕ್ಕೆ ನಾನು ಬೀಳಲಿಲ್ಲ. ಫ್ಯಾನ್ ಪೂರ್ತಿ ತೆಗೆದರೆ ಪ್ರೊಸೆಸರ್ ಹೇಗೋ ತಡೆದುಕೊಳ್ಳುತ್ತದೆ. ಬೇಯುವುದು ಅದರ ಅಕ್ಕಪಕ್ಕದ ಎನ್‌ವಿಎಂಇ ಡ್ರೈವ್ (ಬೋರ್ಡ್ ಮೇಲೇ ಕೂರುವ ಎಸ್‌ಎಸ್‌ಡಿ), ರ‍್ಯಾಮ್, ವೋಲ್ಟೇಜ್ ರೆಗ್ಯುಲೇಟರ್‌ಗಳು. 120 ಮಿ.ಮೀ. ಫ್ಯಾನ್ ಒಂದನ್ನು 500 ಆರ್‌ಪಿಎಂ (ನಿಮಿಷಕ್ಕೆ 500 ಸುತ್ತು) ಸುಮಾರಿಗೆ ತಿರುಗಲು ಬಿಟ್ಟರೆ ಇವೆಲ್ಲ ತಣ್ಣಗಿರುತ್ತವೆ, ಎರಡು ಮೀಟರ್ ಆಚೆ ಕೂತವರಿಗೆ ಸದ್ದೂ ಕೇಳಿಸುವುದಿಲ್ಲ. ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಹೆಚ್ಚುಕಮ್ಮಿ 15 ಡೆಸಿಬೆಲ್ ಬಿದ್ದುಹೋಗುತ್ತದೆ. ದೊಡ್ಡ ಫ್ಯಾನನ್ನು ನಿಧಾನಕ್ಕೆ ಓಡಿಸುವುದರ ಲಾಭ ಇಲ್ಲಿದೆ.

ಅಷ್ಟು ಗಾಳಿ ಸಾಲಬೇಕಾದರೆ ಬಿಸಿಯೇ ಕಡಿಮೆ ಹುಟ್ಟಬೇಕು. ನಾನು ತೆಗೆದುಕೊಂಡದ್ದು ಇಂಟೆಲ್ ಎನ್100 ಪ್ರೊಸೆಸರ್ ಬೆಸುಗೆ ಹಾಕಿಯೇ ಬರುವ ಮಿನಿ-ಐಟಿಎಕ್ಸ್ ಎಂಬ ಸಣ್ಣ ಅಳತೆಯ ಮದರ್‌ಬೋರ್ಡ್. 2023ರಲ್ಲಿ ಬಂದ ಈ ಚಿಪ್‌ಗೆ 4 ಕೋರ್, 6 ವ್ಯಾಟ್ ಟಿಡಿಪಿ (ತಯಾರಕರು ಹೇಳುವ ಬಿಸಿಯ ಅಂದಾಜು). ಅದಕ್ಕಿಂತ ಮುಖ್ಯವಾದದ್ದು, 10-ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಎಂಬ ಮೂರು ಬಗೆಯ ಕುಗ್ಗಿಸಿದ ವಿಡಿಯೊಗಳನ್ನೂ ಅದರ ಗ್ರಾಫಿಕ್ಸ್ ಭಾಗವೇ ಬಿಡಿಸುತ್ತದೆ. 4ಕೆ ಸಿನಿಮಾ ಓಡುವಾಗಲೂ ಕೋರ್‌ಗಳಿಗೆ ಹೇಳಿಕೊಳ್ಳುವಂಥ ಕೆಲಸ ಇರುವುದಿಲ್ಲ. ಇದು ನಿಜವಾಗಿ ಹಾಗೇ ನಡೆಯುತ್ತಿದೆಯೇ ಎಂದು ಲಿನಕ್ಸ್‌ನಲ್ಲಿ ಇಂಟೆಲ್ ಜಿಪಿಯು ಟಾಪ್ ಎಂಬ ತಂತ್ರಾಂಶ ಓಡಿಸಿ ನೋಡಬೇಕು: ವಿಡಿಯೊ ಅನ್ನುವ ಸಾಲು ಏರಿಳಿಯುತ್ತಿದ್ದರೆ ಸರಿ. ಅದು ಸೊನ್ನೆಯಲ್ಲೇ ನಿಂತು ನಾಲ್ಕೂ ಕೋರ್ ನೂರಕ್ಕೆ ಹತ್ತಿರ ಇದ್ದರೆ ಇಂಟೆಲ್‌ನ ಮೀಡಿಯಾ ಡ್ರೈವರ್ ಕೂತಿಲ್ಲ, ಇಲ್ಲವೇ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಆಗಿದೆ. ಆಗ ಫ್ಯಾನ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಬೋರ್ಡ್ ಕೊಳ್ಳುವಾಗ ಎಚ್‌ಡಿಎಂಐ 2.0 ಇದೆಯೇ ನೋಡಿಕೊಳ್ಳಿ. 1.4 ಇದ್ದರೆ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಂತುಬಿಡುತ್ತದೆ.

ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಎಲ್1, ಪಿಎಲ್2 ಎಂಬ ಎರಡು ಮಿತಿಗಳಿರುತ್ತವೆ: ಮೊದಲನೆಯದು ಸತತವಾಗಿ ಎಳೆಯಬಹುದಾದ ವ್ಯಾಟ್, ಎರಡನೆಯದು ಸ್ವಲ್ಪ ಹೊತ್ತಿನ ಮಟ್ಟಿಗೆ. ಹಲವು ಬೋರ್ಡ್‌ಗಳು 6 ವ್ಯಾಟ್‌ನ ಚಿಪ್‌ಗೂ ಇವನ್ನು ಧಾರಾಳವಾಗಿ ಇಟ್ಟು ಕಳಿಸುತ್ತವೆ. ನಾನು 10 ಮತ್ತು 15ಕ್ಕೆ ಇಳಿಸಿದೆ. ಹೊಸ ಸಿನಿಮಾಗಳ ಪಟ್ಟಿ ಮಾಡುವಾಗ ತುಸು ತಡವಾಗುತ್ತದೆ, ನೋಡುವಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಪವರ್ ಸಪ್ಲೈ ವಿಷಯದಲ್ಲಿ ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿರುವ ಎಟಿಎಕ್ಸ್ ಡಬ್ಬಿ ಬೇಡವೇ ಬೇಡ. ಅದರೊಳಗೆ ಇನ್ನೊಂದು ಫ್ಯಾನ್ ಬರುತ್ತದೆ. 500 ವ್ಯಾಟ್‌ನ ಸಪ್ಲೈಯಿಂದ 10 ವ್ಯಾಟ್ ಎಳೆದರೆ ಅದರ ದಕ್ಷತೆಯೂ ಕುಸಿಯುತ್ತದೆ. ನೇರವಾಗಿ 12 ವೋಲ್ಟ್ ಡಿಸಿ ತೆಗೆದುಕೊಳ್ಳುವ ಬೋರ್ಡ್, ಹೊರಗೆ 60 ವ್ಯಾಟ್ ಅಡಾಪ್ಟರ್ ಸಾಕು. ಪಿನ್ನಿನ ಅಳತೆ ಮಾತ್ರ ಗಮನಿಸಿ. 5.5×2.1 ಮತ್ತು 5.5×2.5 ಮಿ.ಮೀ. ಪ್ಲಗ್‌ಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. 2.1ರ ಸಾಕೆಟ್‌ಗೆ 2.5ರ ಪ್ಲಗ್ ಸಲೀಸಾಗಿ ಒಳಗೆ ಹೋಗುತ್ತದೆ, ಆದರೆ ಸಡಿಲ; ಕೇಬಲ್ ಸ್ವಲ್ಪ ಅಲುಗಿದರೂ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಜನ ಇದಕ್ಕೆ ರ‍್ಯಾಮ್ ಬದಲಿಸುತ್ತಾ ಕೂರುತ್ತಾರೆ.

ಹಾರ್ಡ್ ಡಿಸ್ಕ್ ಈ ಡಬ್ಬಿಯಲ್ಲಿ ಇರಬಾರದು. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು; ಆ ಅದುರು ಕೇಸ್‌ನಿಂದ ಮೇಜಿಗೆ ಇಳಿದು ಇಡೀ ಮೇಜೇ ಗುಂಯ್ ಅನ್ನುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಸಣ್ಣ ಎಸ್‌ಎಸ್‌ಡಿ, ಸಿನಿಮಾಗಳೆಲ್ಲ ಬೇರೆ ಕೋಣೆಯ ಸರ್ವರ್‌ನಲ್ಲಿ, ನಡುವೆ ಗಿಗಾಬಿಟ್ ತಂತಿ. ತಂತಿಯ ನಾಲ್ಕು ಜೋಡಿಗಳಲ್ಲಿ ಒಂದು ಕೆಟ್ಟರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು. ಭಾರೀ 4ಕೆ ಫೈಲ್‌ಗಳು ಸಾಹಸ ದೃಶ್ಯ ಬಂದಾಗ ಸರಿಯಾಗಿ ಅಲ್ಲೇ ತಡವರಿಸುತ್ತವೆ.

ಇನ್ನು ಫ್ಯಾನ್. ಬೋರ್ಡೇ ವೇಗ ಹತೋಟಿ ಮಾಡಬಲ್ಲ, ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನೇ ಇರಲಿ, ಆದರೆ ಗರಿಷ್ಠ ವೇಗ 1200 ಆರ್‌ಪಿಎಂ ಆಸುಪಾಸಿನದು. ಬಹಳಷ್ಟು ಫ್ಯಾನ್‌ಗಳು ತಮ್ಮ ಗರಿಷ್ಠದ ಶೇ. 20–30ಕ್ಕಿಂತ ಕೆಳಗೆ ಇಳಿಯುವುದಿಲ್ಲ. 2000ದ ಫ್ಯಾನ್ ತಂದರೆ ನಮಗೆ ಬೇಕಾದ ವೇಗ ಅದರ ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಟ್‌ಸಿಂಕ್ ಮೇಲೆ ಗಾಳಿ ಬೀಳುವಂತೆ, ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು, ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿ ಕೂರಿಸಿದೆ. ರೆಕ್ಕೆಗೆ ತಾಗಿದಂತೆ ಕೇಸ್‌ನ ಜಾಲರಿ ಇದ್ದರೆ ಎಷ್ಟು ಒಳ್ಳೆಯ ಫ್ಯಾನಾದರೂ ಶಿಳ್ಳೆ ಹೊಡೆಯುತ್ತದೆ. ಸಣ್ಣ ತೂತುಗಳ ಆ ತಗಡನ್ನು ಕತ್ತರಿಸಿ ತಂತಿಯ ಜಾಲರಿ ಹಾಕುವುದೇ ವಾಸಿ. ಲೋಹದ ಚೂರು ಒಳಗೆ ಬೀಳದಂತೆ ಬೋರ್ಡ್ ಮೊದಲೇ ಹೊರಗಿಡಿ.

ಒಂದೇ ಸಮ ಬರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ಹಾಗಾಗಿ ಫ್ಯಾನ್ ನಿಂತು ನಿಂತು ಶುರುವಾಗುವ ಸೆಟ್ಟಿಂಗ್ ನನಗೆ ಒಗ್ಗಲಿಲ್ಲ. ಬಯಾಸ್‌ನಲ್ಲಿ ಪ್ರೊಸೆಸರ್ 60 ಡಿಗ್ರಿ ಮುಟ್ಟುವವರೆಗೆ ಒಂದೇ ವೇಗ, ಅಲ್ಲಿಂದ 85ರವರೆಗೆ ನಿಧಾನ ಏರಿಕೆ. ಈ ಚಿಪ್ ತಾನಾಗಿ ವೇಗ ತಗ್ಗಿಸುವುದು 105ರಲ್ಲಿ, ಗಾಬರಿ ಬೇಡ. ಇದನ್ನು ಲಿನಕ್ಸ್‌ನ ಫ್ಯಾನ್‌ಕಂಟ್ರೋಲ್ ಎಂಬ ತಂತ್ರಾಂಶದಲ್ಲಿ ಮಾಡುವವರು ಇಂಟರ್ವಲ್ 10 ಸೆಕೆಂಡ್, ಆವರೇಜ್ 6 ಕೊಟ್ಟರೆ ಒಂದು ನಿಮಿಷದ ಸರಾಸರಿ ನೋಡಿ ಫ್ಯಾನ್ ತಿರುಗುತ್ತದೆ, ಮೆನು ತೆರೆದಾಗಲೆಲ್ಲ ಬೆಚ್ಚುವುದಿಲ್ಲ. ಅತಿ ಕಡಿಮೆ ವೇಗ ಹುಡುಕುವಾಗ ಎರಡು ಅಂಕಿ ಬರೆದಿಟ್ಟುಕೊಳ್ಳಬೇಕು: ಯಾವ ಮಟ್ಟದಲ್ಲಿ ನಿಲ್ಲುತ್ತದೆ, ನಿಂತದ್ದು ಯಾವ ಮಟ್ಟದಲ್ಲಿ ಮತ್ತೆ ಹೊರಡುತ್ತದೆ. ಎರಡನೆಯದು ಹೆಚ್ಚಿರುತ್ತದೆ. ಧೂಳು ಕೂತರೆ ಇನ್ನೂ ಹೆಚ್ಚುತ್ತದೆ, ಆದ್ದರಿಂದ ಅದರ ಮೇಲೆ ಸ್ವಲ್ಪ ಸೇರಿಸಿಯೇ ಇಡಿ.

ಪರೀಕ್ಷೆಗೆ ಪೂರ್ತಿ ಒಂದು ಸಿನಿಮಾ ಓಡಲಿ. ಹೀಟ್‌ಸಿಂಕ್ ಕಾದು ಒಂದು ಹದಕ್ಕೆ ಬರಲು ಅರ್ಧ ಗಂಟೆಗೂ ಮೇಲಾಗುತ್ತದೆ. ಅದನ್ನೂ ಕಂಪ್ಯೂಟರನ್ನು ಕೊನೆಗೆ ಎಲ್ಲಿ ಇಡುತ್ತೀರೋ ಆ ಜಾಗದಲ್ಲೇ ಇಟ್ಟು ನೋಡಬೇಕು, ಟಿವಿ ಸ್ಟ್ಯಾಂಡಿನ ಬಾಗಿಲು ಮುಚ್ಚಿದರೆ ಅದೇ ಬಿಸಿಗಾಳಿ ಸುತ್ತುತ್ತಿರುತ್ತದೆ. ಸ್ಟ್ಯಾಂಡಿನ ಹಿಂಬದಿಯ ಹಲಗೆ ತೆಗೆದುಬಿಟ್ಟರೆ ಮುಗಿಯಿತು.

ವೈರ್‌ಲೆಸ್ ಕೀಬೋರ್ಡ್ ಅಕ್ಷರ ನುಂಗುತ್ತಿದ್ದರೆ ಅದರ ರಿಸೀವರ್ ಯುಎಸ್‌ಬಿ 3 ಪೋರ್ಟ್‌ನ ಪಕ್ಕದಲ್ಲಿರಬಹುದು. ಆ ಪೋರ್ಟ್ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಟಿವಿ ಮುಂದಕ್ಕೆ ತನ್ನಿ.