ಅದಿರು ಟಿಪ್ಪರ್‌ನ ಪ್ರೊಪೆಲ್ಲರ್ ಶಾಫ್ಟ್: ಕಂಪ್ಯೂಟರಿನಲ್ಲಿ ಒತ್ತಡ, ಕಂಪನದ ಲೆಕ್ಕ

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದಿರು ತುಂಬಿದ ಟಿಪ್ಪರ್ ಸಂಡೂರಿನ ಗಣಿ ಏರನ್ನು ಮೊದಲ ಗೇರಿನಲ್ಲಿ ಹತ್ತುವಾಗ ಶಾಫ್ಟ್ ಮೇಲೆ ಟಾರ್ಕ್ (ತಿರುಚುವ ಬಲ) ಅತಿ ಹೆಚ್ಚು. ಲೆಕ್ಕ ಅಲ್ಲಿಂದಲೇ ಶುರುವಾಗಲಿ. ಎಂಜಿನ್ ಟಾರ್ಕ್ 800 ನ್ಯೂಟನ್ ಮೀಟರ್, ಗೇರ್ ಅನುಪಾತ 9 ಎಂದರೆ ಶಾಫ್ಟ್ ಮೇಲೆ 7,200 ನ್ಯೂಟನ್ ಮೀಟರ್. ಹೊರವ್ಯಾಸ 110, ಗೋಡೆ 6 ಮಿ.ಮೀ. ಇರುವ ಉಕ್ಕಿನ ಕೊಳವೆಯಲ್ಲಿ ಶಿಯರ್ ಒತ್ತಡ (ತಿರುಚಿದಾಗ ಲೋಹದೊಳಗೆ ಹುಟ್ಟುವ ಒತ್ತಡ) ಸುಮಾರು 74 ಮೆಗಾಪಾಸ್ಕಲ್. ಸಾಫ್ಟ್‌ವೇರ್ ಇದರ ಸಾವಿರದ ಒಂದು ಪಾಲು ತೋರಿಸಿದರೆ, ಮಿ.ಮೀ. ಮಾದರಿಗೆ ಟಾರ್ಕನ್ನು ನ್ಯೂಟನ್ ಮಿ.ಮೀ. ಬದಲು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಕೊಟ್ಟಿದ್ದೀರಿ.

ಯೋಕ್ (ಶಾಫ್ಟ್ ತುದಿಯ ಕವಲು ಭಾಗ) ಬಳಿ ನಿಜವಾದ ಫಿಲೆಟ್, ಅಂದರೆ ಮೂಲೆಯ ದುಂಡು, ಬಿಡಿಸಿ; ಮೆಶ್, ಅಂದರೆ ಲೆಕ್ಕಕ್ಕಾಗಿ ಮಾದರಿಯನ್ನು ಒಡೆದ ತುಂಡುಗಳ ಜಾಲ, ಸಣ್ಣದಾಗಿಸಿ. ಚೂಪು ಮೂಲೆ ಉಳಿದರೆ ಮೆಶ್ ಸಣ್ಣದಾದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ. ಆ ಅಂಕಿ ನಂಬಬೇಡಿ.

1.5 ಮೀಟರ್ ಉದ್ದಕ್ಕೆ, ಎರಡೂ ತುದಿ ಹಿಂಜ್ ಆಗಿದ್ದರೆ ಮೊದಲ ಬಾಗು ಕಂಪನ ಸುಮಾರು 133 ಹರ್ಟ್ಸ್. ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ರಬ್ಬರನ್ನು ಸ್ಪ್ರಿಂಗ್ ಆಗಿ ಸೇರಿಸಲೇಬೇಕು, ಆಗ ಅದು ಇಳಿಯುತ್ತದೆ. 3,000 ಆರ್‌ಪಿಎಂನಲ್ಲಿ ಯೂನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗುವ ಕೀಲು) ಪ್ರತಿ ಸುತ್ತಿಗೂ ಎರಡು ಬಾರಿ ಎಂಬಂತೆ 100 ಹರ್ಟ್ಸ್ ಅಲುಗಾಟ ಕೊಡುತ್ತದೆ. ಈ ಅಲುಗಾಟ ಮತ್ತು ಬಾಗು ಕಂಪನ ಎರಡರ ಹರ್ಟ್ಸ್ ಹತ್ತಿರ ಬಂದರೆ ಶಾಫ್ಟ್ ಗಿಡ್ಡ ಮಾಡಿ, ಇಲ್ಲವೇ ವ್ಯಾಸ ಹೆಚ್ಚಿಸಿ. ಗೋಡೆ ದಪ್ಪವಾಗಿಸಿದರೆ ತೂಕವೂ ಏರುವುದರಿಂದ ಲಾಭವಿಲ್ಲ.