ಸ್ಟೋಮಾದಿಂದ ರಕ್ತ ಜಿನುಗಿದರೆ ಮೊದಲು ನೋಡಬೇಕಾದ್ದು ಎಲ್ಲಿಂದ ಅಂತ

ಬ್ಯಾಗ್ ಬದಲಿಸುವಾಗ ಒರೆಸಿದ ಬಟ್ಟೆಯ ಮೇಲೆ ಕೆಂಪು ಕಲೆ ಕಂಡರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಬಹುತೇಕ ಸಲ ಅಷ್ಟು ಗಾಬರಿ ಬೇಕಿಲ್ಲ. ಸ್ಟೋಮಾ ಅಂದರೆ ಹೊಟ್ಟೆಯ ಹೊರಗೆ ತಂದು ಚರ್ಮಕ್ಕೆ ಹೊಲಿದ ಕರುಳಿನ ತುದಿ. ಮಲ ಇಲ್ಲಿಂದ ಹೊರಬಂದು, ಹೊಟ್ಟೆಗೆ ಅಂಟಿಸಿದ ಬ್ಯಾಗಿನಲ್ಲಿ ಸೇರುತ್ತದೆ. ಕೆನ್ನೆಯ ಒಳಮೈ ಇದ್ದ ಹಾಗೆ ಕೆಂಪಗೆ, ತೇವವಾಗಿ, ಸಣ್ಣ ರಕ್ತನಾಳಗಳಿಂದ ತುಂಬಿರುತ್ತದೆ. ಒರಟಾಗಿ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದಲ್ಲ, ಇದೂ ಹಾಗೇ. ಒಂದೇ ವ್ಯತ್ಯಾಸ: ವಸಡು ನೋಯುತ್ತದೆ, ಸ್ಟೋಮಾ ನೋಯುವುದಿಲ್ಲ. ನೋವು ತಿಳಿಸುವ ನರ ಅದರ ಮೇಲ್ಮೈಯಲ್ಲಿಲ್ಲ. ಹಾಗಾಗಿ 'ನೋವಿಲ್ಲ, ಅಂದ ಮೇಲೆ ಏನೂ ಆಗಿಲ್ಲ' ಅನ್ನುವ ಲೆಕ್ಕ ಇಲ್ಲಿ ನಡೆಯದು. ಕಣ್ಣಿನಿಂದಲೇ ನೋಡಬೇಕು.

ಕಿಟಕಿಯ ಬೆಳಕಿಗೆ ನಿಂತು, ಕೆಳಭಾಗ ಕಾಣದಿದ್ದರೆ ಕೈಗನ್ನಡಿ ಹಿಡಿದು, ಒದ್ದೆ ಬಟ್ಟೆಯಿಂದ ಒಮ್ಮೆ ಮೆಲ್ಲಗೆ ಒತ್ತಿ ತೆಗೆಯಿರಿ. ರಕ್ತ ಮತ್ತೆ ಎಲ್ಲಿಂದ ಏಳುತ್ತದೆ ಗಮನಿಸಿ. ಕೆಂಪು ಮೇಲ್ಮೈಯಿಂದಲೋ, ಸುತ್ತಲಿನ ಚರ್ಮದಿಂದಲೋ, ಮಲ ಬರುವ ತೂತಿನ ಒಳಗಿಂದಲೋ? ಮೊದಲೆರಡನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಮೂರನೆಯದು ಆಸ್ಪತ್ರೆಯ ಕೆಲಸ.

ಮೇಲ್ಮೈಯಿಂದ ಜಿನುಗುತ್ತಿದ್ದರೆ ಗಾಜ್ ಬಟ್ಟೆಯನ್ನೋ, ಒಗೆದ ಹಳೆಯ ಕಾಟನ್ ಬಟ್ಟೆಯನ್ನೋ ನಾಲ್ಕು ಮಡಿಕೆ ಮಾಡಿ, ಕುಡಿಯುವ ತಣ್ಣೀರಲ್ಲಿ ಅದ್ದಿ ಹಿಂಡಿ, ಎರಡು ಬೆರಳಿಂದ ಹಗುರವಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ 5 ನಿಮಿಷ. ನಡುನಡುವೆ ಎತ್ತಿ ಇಣುಕಬೇಡಿ, ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ನಿಲ್ಲದಿದ್ದರೆ ಇನ್ನೊಂದು 5 ನಿಮಿಷ. ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಐಸ್ ಗಡ್ಡೆಯನ್ನು ನೇರ ಇಡಬೇಡಿ. ನಮ್ಮ ಕಡೆ ರಕ್ತ ಕಂಡರೆ ಕೈ ತಾನಾಗಿ ಅರಿಶಿನದ ಡಬ್ಬಿಗೋ ಕಾಫಿಪುಡಿಗೋ ಹೋಗುತ್ತದೆ. ಇಲ್ಲಿ ಎರಡೂ ಬೇಡ. ಪುಡಿ ಚರ್ಮದ ಮೇಲೆ ಉದುರಿದರೆ ಬ್ಯಾಗಿನ ಅಂಟು ಹಿಡಿಯದೆ ಮಲ ಸೋರುತ್ತದೆ, ಚರ್ಮ ಉರಿಯುತ್ತದೆ. ತಾನೇ ನಿಲ್ಲುತ್ತಿದ್ದ ರಕ್ತಕ್ಕೆ ಎಂಟು ದಿನದ ಹುಣ್ಣು ಸೇರಿದಂತಾಯಿತು.

ನಿಂತ ಮೇಲೆ ಕಾರಣ ಹುಡುಕಿ. ಮೊದಲ ಗುಮಾನಿ ಫ್ಲ್ಯಾಂಜ್ ಮೇಲೆ, ಅಂದರೆ ಹೊಟ್ಟೆಗೆ ಅಂಟಿಸುವ ಬಿಲ್ಲೆಯ ತೂತಿನ ಮೇಲೆ. ತೂತು ಸ್ಟೋಮಾಗಿಂತ 2-3 ಮಿ.ಮೀ. ದೊಡ್ಡದಿರಬೇಕು. ಸ್ಟೋಮಾ 30 ಮಿ.ಮೀ. ಇದ್ದರೆ ತೂತು 32-33. ಚಿಕ್ಕದಾದರೆ ಎದ್ದಾಗ, ಕೂತಾಗ ಅದರ ಅಂಚು ಸ್ಟೋಮಾವನ್ನು ಕೊಯ್ಯುತ್ತದೆ, ನೋವಿಲ್ಲದ್ದರಿಂದ ಗೊತ್ತೇ ಆಗುವುದಿಲ್ಲ. ಒಂದೇ ಜಾಗದಲ್ಲಿ, ಹೆಚ್ಚಾಗಿ ಸ್ಟೋಮಾ ಜೋತು ಬೀಳುವ ಕೆಳಬದಿಯಲ್ಲಿ, ಹಳದಿ-ಬಿಳಿ ಗೆರೆ ಬಿದ್ದಿದ್ದರೆ ಅದು ಆ ಅಂಚಿನದೇ ಗುರುತು. ತೂತು ಬಹಳ ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸಿಪ್ಪೆ ಸುಲಿದು ಅಲ್ಲಿಂದ ರಕ್ತ ಜಿನುಗುತ್ತದೆ. ಕತ್ತರಿಸಿದ ಮೇಲೆ ಅಂಚಿನ ಸುತ್ತ ಬೆರಳು ಆಡಿಸಿ, ಗರಗಸದ ಹಾಗೆ ಚುಚ್ಚಿದರೆ ಉಜ್ಜಿ ನಯ ಮಾಡಿ. ಸ್ಟೋಮಾ ದುಂಡಗಿಲ್ಲದಿದ್ದರೆ ಕಾಗದದಲ್ಲಿ ಅಚ್ಚು ತೆಗೆದುಕೊಳ್ಳಿ, ಆದರೆ ಕತ್ತರಿಸುವುದು ಅಂಟಿನ ಬದಿಯಿಂದ, ಅಲ್ಲಿ ಎಡ-ಬಲ ತಿರುಗುಮುರುಗಾಗುತ್ತದೆ. ಅಚ್ಚಿನ ಎರಡೂ ಮುಖಕ್ಕೆ 'ಹೊಟ್ಟೆ', 'ಬ್ಯಾಗ್' ಅಂತ ಬರೆದಿಟ್ಟುಕೊಳ್ಳಿ. ಆಪರೇಷನ್ ಆದ ಮೊದಲ 6-8 ವಾರ ಸ್ಟೋಮಾದ ಊತ ಇಳಿಯುತ್ತಲೇ ಇರುತ್ತದೆ. ಅಷ್ಟು ದಿನ ವಾರಕ್ಕೊಮ್ಮೆ ಅಳೆಯಿರಿ, ಹತ್ತು ಫ್ಲ್ಯಾಂಜ್ ಒಟ್ಟಿಗೆ ಕತ್ತರಿಸಿ ಇಡಬೇಡಿ.

ಎರಡನೇ ಗುಮಾನಿ ಬಟ್ಟೆಯ ಮೇಲೆ. ಲಂಗದ ಲಾಡಿ, ಉಡದಾರ, ಪ್ಯಾಂಟಿನ ಬೆಲ್ಟ್ ಸರಿಯಾಗಿ ಸ್ಟೋಮಾದ ಮೇಲೇ ಬಂದರೆ ದಿನವಿಡೀ ಉಜ್ಜುತ್ತದೆ. ಲಾಡಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ ಕಟ್ಟಿ. ಉಡದಾರ ತೆಗೆಯಲು ಮನಸ್ಸಿಲ್ಲದವರು ಸಡಿಲ ಮಾಡಿ ಕೆಳಗೆ ಇಳಿಸಿಕೊಳ್ಳಬಹುದು.

ಬ್ಯಾಗ್ ಬದಲಿಸಲು ಬೆಳಗಿನ ಚಹಾಕ್ಕೂ ಮುಂಚಿನ ಹೊತ್ತು ಒಳ್ಳೆಯದು, ಆಗ ಕರುಳಿನ ಓಡಾಟ ಕಡಿಮೆ. ಹಳೆಯದನ್ನು ಸರ್ರನೆ ಎಳೆಯಬೇಡಿ. ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಇನ್ನೊಂದು ಕೈಯ ಒದ್ದೆ ಬಟ್ಟೆಯಿಂದ ಅಂಟು ಬಿಡಿಸುತ್ತ ಮೇಲಿನಿಂದ ಕೆಳಕ್ಕೆ ಬನ್ನಿ. ಸ್ಟೋಮಾವನ್ನು ಉಜ್ಜಿ ತೊಳೆಯುವುದಲ್ಲ, ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ತೆಗೆದರೆ ಸಾಕು. ಸುತ್ತಲಿನ ಚರ್ಮಕ್ಕೂ ಬೆಚ್ಚಗಿನ ಬರೀ ನೀರು ಸಾಕು. ಡೆಟಾಲ್, ಸ್ಪಿರಿಟ್, ಕೊಬ್ಬರಿ ಎಣ್ಣೆ, ಘಮಘಮಿಸುವ ವೈಪ್ಸ್ ಯಾವುದೂ ಬೇಡ. ಚರ್ಮ ಪೂರ್ತಿ ಒಣಗಲಿ. ಸಿಪ್ಪೆ ಸುಲಿದು ಜಿನುಗುವ ಕಡೆ ಮಾತ್ರ ಇದಕ್ಕೆಂದೇ ಸಿಗುವ ಸ್ಟೋಮಾ ಪೌಡರ್ ತೆಳ್ಳಗೆ ಉದುರಿಸಿ, ಹೆಚ್ಚಿನದನ್ನು ಝಾಡಿಸಿ, ಹೊಸ ಫ್ಲ್ಯಾಂಜ್ ಅಂಟಿಸಿ ಅಂಗೈಯಿಂದ 2 ನಿಮಿಷ ಒತ್ತಿ ಹಿಡಿಯಿರಿ. ಕೂದಲಿದ್ದರೆ ಟ್ರಿಮ್ಮರಿನಿಂದ ಕಿರಿದು ಮಾಡಿ, ಬ್ಲೇಡ್ ತಾಗಿಸಬೇಡಿ.

ಸಾಮಾನ್ಯವಾಗಿ ಒಂದು ಫ್ಲ್ಯಾಂಜ್ 3-4 ದಿನ ಬರುತ್ತದೆ. ಬಳ್ಳಾರಿ-ರಾಯಚೂರಿನ ಏಪ್ರಿಲ್, ಮೇ ತಿಂಗಳಿನ 40 ಡಿಗ್ರಿ ದಾಟುವ ಬಿಸಿಲಲ್ಲಿ ಬೆವರಿಗೆ ಬೇಗ ಬಿಡುತ್ತದೆ. ತೆಗೆದ ಫ್ಲ್ಯಾಂಜಿನ ಹಿಂಬದಿ ನೋಡಿ: ಒಳಅಂಚಿನ ಅಂಟು ಬೆಳ್ಳಗೆ ಉಬ್ಬಿ ಒಂದು ಬೆರಳಗಲ ಕರಗಿದ್ದರೆ ಮುಂದಿನ ಸಲ ಒಂದು ದಿನ ಮೊದಲೇ ಬದಲಿಸಿ. ಹೊಸ ಪೆಟ್ಟಿಗೆಯನ್ನು ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಇಡಬೇಡಿ, ಅಂಟು ಮೆತ್ತಗಾಗುತ್ತದೆ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಭಾರಕ್ಕೆ ಜಗ್ಗಿದರೆ ಅಂಚು ಸ್ಟೋಮಾಗೆ ತಾಗುತ್ತದೆ.

ಕೆಂಪಾಗಿ ಕಂಡದ್ದೆಲ್ಲ ರಕ್ತವಲ್ಲ. ಬೀಟ್‌ರೂಟ್ ಪಲ್ಯ ತಿಂದ ಮಾರನೇ ದಿನ ಬ್ಯಾಗ್ ಕೆಂಪಾಗಬಹುದು, ಕಬ್ಬಿಣದ ಮಾತ್ರೆ ಮಲವನ್ನು ಕಪ್ಪು ಮಾಡುತ್ತದೆ. ಮಾತ್ರೆ ತಿನ್ನದಿದ್ದರೂ ಡಾಂಬರಿನಂತೆ ಕಪ್ಪಗೆ ಬಂದರೆ ತಡಮಾಡದೆ ತೋರಿಸಿ. ಸ್ಟೋಮಾ ಮತ್ತು ಚರ್ಮ ಕೂಡುವಲ್ಲಿ ಮುಟ್ಟಿದರೆ ರಕ್ತ ಬರುವ ಸಣ್ಣ ಕೆಂಪು ಗುಳ್ಳೆ ಎದ್ದಿದ್ದರೆ ಅದು ಗ್ರ್ಯಾನ್ಯುಲೋಮಾ ಇರಬಹುದು. ಚಿವುಟಬೇಡಿ, ಆಸ್ಪತ್ರೆಯಲ್ಲಿ ಸಿಲ್ವರ್ ನೈಟ್ರೇಟ್ ಹಚ್ಚಿ ಒಣಗಿಸುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ರಕ್ತ ಬೇಗ ಬರುತ್ತದೆ, ತಡವಾಗಿ ನಿಲ್ಲುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

10 ನಿಮಿಷ ಒತ್ತಿದರೂ ನಿಲ್ಲದಿದ್ದರೆ, ತೂತಿನ ಒಳಗಿಂದ ಬಂದರೆ, ಬ್ಯಾಗಿನಲ್ಲಿ ರಕ್ತ ತುಂಬುತ್ತಿದ್ದರೆ, ಸ್ಟೋಮಾ ನೇರಳೆಗೋ ಕಪ್ಪಿಗೋ ತಿರುಗಿದ್ದರೆ, ತಲೆ ಸುತ್ತಿ ಬೆವರಿದರೆ ಕೂಡಲೇ ಹೊರಡಿ. ಲಿವರ್ ಕಾಯಿಲೆ ಇದ್ದು ಸ್ಟೋಮಾದ ಸುತ್ತ ನೀಲಿ ರಕ್ತನಾಳಗಳ ಬಳೆ ಕಾಣುವವರಿಗೆ ರಕ್ತ ಧಾರೆಯಾಗಿ ಹರಿಯಬಹುದು. ಅವರು 10 ನಿಮಿಷವೂ ಕಾಯದೆ, ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪ ಕಡೆಯವರು ದಾರಿಯ ದೂರ ಲೆಕ್ಕ ಹಾಕಿ, 'ಬೆಳಗಾಗಲಿ' ಅಂತ ಕೂರಬೇಡಿ. ಡಿಸ್ಚಾರ್ಜ್ ಚೀಟಿ, ನುಂಗುವ ಮಾತ್ರೆಗಳ ಪಟ್ಟಿ, ಒಂದು ಹೊಸ ಬ್ಯಾಗ್ ಜೊತೆಗಿರಲಿ. ರಕ್ತ ಬರುತ್ತಿರುವಾಗಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿ, ಏಕೆಂದರೆ ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಅದು ನಿಂತಿರಲೂಬಹುದು.