ಓಪನ್ ಸೋರ್ಸ್ ಥೀಮ್ ರಚನೆ: ಫಾರ್ಮ್ ಮತ್ತು ಟೇಬಲ್‌ನಿಂದ ಆರಂಭಿಸುವ ಕ್ರಮ

ಬೂಟ್‌ಸ್ಟ್ರ್ಯಾಪ್‌ನಂತಹ, ವೆಬ್ ಪುಟದ ಬಟನ್, ಫಾರ್ಮ್ ಮುಂತಾದ ಭಾಗಗಳನ್ನು ಸಿದ್ಧವಾಗಿ ಕೊಡುವ ಓಪನ್ ಸೋರ್ಸ್ ಲೈಬ್ರರಿಗೆ ಹೊಸ ಥೀಮ್ (ಅವುಗಳ ಬಣ್ಣ, ಅಂತರ, ರೂಪದ ವಿನ್ಯಾಸ) ಮಾಡಲು ಕುಳಿತವರು ಸಾಮಾನ್ಯವಾಗಿ ಮೊದಲು ಬಣ್ಣ ಆರಿಸುತ್ತಾರೆ. ದೊಡ್ಡ ಶೀರ್ಷಿಕೆ, ಒಂದು ಚಿತ್ರ, ಎರಡು ಬಟನ್ ಇರುವ ಮುಖಪುಟಕ್ಕೆ ಅದನ್ನು ಹಚ್ಚಿ ನೋಡುತ್ತಾರೆ. ಅಂಥ ಪುಟದಲ್ಲಿ ಯಾವ ಥೀಮ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಬಳಕೆದಾರರು ದಿನವಿಡೀ ನೋಡಬೇಕಾದದ್ದು ಉದ್ದನೆಯ ಟೇಬಲ್, ಹತ್ತಾರು ಖಾನೆಗಳ ಫಾರ್ಮ್, ಅದರಡಿಯ ಕೆಂಪಕ್ಷರದ ದೋಷಸೂಚನೆ. ಆದ್ದರಿಂದ ಇವೆಲ್ಲ ಒಟ್ಟಿಗಿರುವ ಪರೀಕ್ಷಾ ಪುಟವೊಂದನ್ನು ಸಿದ್ಧಪಡಿಸಿಕೊಂಡು, ಕಪ್ಪು-ಬಿಳುಪಿನಲ್ಲೇ ಕೆಲಸ ಆರಂಭಿಸುವುದು ಒಳ್ಳೆಯದು.

ಮೊದಲು ನಿರ್ಧರಿಸಬೇಕಾದದ್ದು ಅಂತರ. 4, 8, 12, 16, 24, 32 ಪಿಕ್ಸೆಲ್ ಎಂಬ ಸಣ್ಣ ಪಟ್ಟಿಯೊಂದನ್ನು ಇಟ್ಟುಕೊಂಡು, ಅದರಾಚೆಗಿನ ಅಳತೆಯನ್ನು ಎಲ್ಲಿಯೂ ಬಳಸಬಾರದು. ಲೇಬಲ್‌ಗೂ ಅದರ ಖಾನೆಗೂ ನಡುವೆ 4, ಆ ಖಾನೆಗೂ ಮುಂದಿನ ಲೇಬಲ್‌ಗೂ ನಡುವೆ 16 ಪಿಕ್ಸೆಲ್ ಬಿಟ್ಟರೆ ಯಾವುದು ಯಾವುದಕ್ಕೆ ಸೇರಿದ್ದೆಂಬುದು ಗೆರೆ ಎಳೆಯದೆಯೇ ತಿಳಿಯುತ್ತದೆ. ಎರಡೂ ಕಡೆ 10 ಬಿಟ್ಟರೆ ಓದುಗ ಪ್ರತಿ ಸಲ ಹುಡುಕಬೇಕಾಗುತ್ತದೆ. ದುಂಡು ಮೂಲೆಗಳಿಗೂ ಲೆಕ್ಕವಿದೆ: ಕಾರ್ಡ್‌ನ (ಚೌಕಟ್ಟಿನಂತಹ ಪೆಟ್ಟಿಗೆಯ) ಮೂಲೆಯ ತ್ರಿಜ್ಯ 16, ಒಳ ಅಂಚು (ಪೆಟ್ಟಿಗೆಯ ಅಂಚಿಗೂ ಒಳಗಿನದಕ್ಕೂ ನಡುವಿನ ಜಾಗ) 8 ಪಿಕ್ಸೆಲ್ ಇದ್ದರೆ, ಆ ಮೂಲೆಗೆ ತಾಗಿದಂತಿರುವ ಬಟನ್‌ನ ಮೂಲೆಯ ತ್ರಿಜ್ಯ 8 ಇರಬೇಕು. ಎರಡಕ್ಕೂ 16 ಕೊಟ್ಟಾಗ ಮೂಲೆಯಲ್ಲಿ ಅಂತರ ಉಬ್ಬಿದಂತೆ ಕಂಡು, ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನೆಂದು ಮಾತ್ರ ಹೊಳೆಯುವುದಿಲ್ಲ.

ಬಣ್ಣದ ವಿಷಯದಲ್ಲಿ ಬೂದು ಬಣ್ಣವೇ ಹೆಚ್ಚು ಮೋಸ ಮಾಡುತ್ತದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕೆಂಬ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಎಎ ಮಟ್ಟದಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು. ಬಿಳಿಯ ಮೇಲೆ #777777 ಸಂಕೇತದ ಬೂದು ಬಣ್ಣ ಇಟ್ಟರೆ ಸುಮಾರು 4.48 ಬರುತ್ತದೆ, ಅಂದರೆ ಸೋಲು. #767676 ಇಟ್ಟರೆ 4.54, ಗೆಲುವು. ಕಣ್ಣಿಗೆ ಎರಡೂ ಒಂದೇ ಆಗಿರುವುದರಿಂದ ಅಂದಾಜನ್ನು ನಂಬದೆ ಅಳೆದೇ ನೋಡಬೇಕು.

ಬಣ್ಣಗಳನ್ನು ಸಿಎಸ್‌ಎಸ್ (ವೆಬ್ ಪುಟದ ರೂಪ ಹೇಳುವ ಭಾಷೆ) ವೇರಿಯಬಲ್‌ಗಳಲ್ಲಿ, ಅಂದರೆ ಹೆಸರಿಟ್ಟು ಉಳಿಸಿದ ಮೌಲ್ಯಗಳಲ್ಲಿ, ಎರಡು ಹಂತವಾಗಿ ಇಡಬೇಕು: ಮೊದಲ ಹಂತದಲ್ಲಿ ಬರಿಯ ಬಣ್ಣದ ಹೆಸರು, ಎರಡನೆಯದರಲ್ಲಿ 'ಬಟನ್ ಹಿನ್ನೆಲೆ', 'ಮಂದ ಅಕ್ಷರ' ಎಂಬಂತೆ ಉದ್ದೇಶದ ಹೆಸರು. ಹೀಗಿದ್ದರೆ ಡಾರ್ಕ್ ಮೋಡ್‌ಗೆ ಎರಡನೆಯ ಹಂತವನ್ನಷ್ಟೇ ಬದಲಿಸಿದರೆ ಸಾಕು. ಲೈಬ್ರರಿಯ ಮೂಲ ಕಡತವನ್ನು ಮಾತ್ರ ಮುಟ್ಟಬಾರದು. ಬೂಟ್‌ಸ್ಟ್ರ್ಯಾಪ್‌ನ ಸ್ಯಾಸ್ (ಸಿಎಸ್‌ಎಸ್ ಆಗಿ ಪರಿವರ್ತನೆಯಾಗುವ ಭಾಷೆ) ವೇರಿಯಬಲ್‌ಗಳಿಗೆ ನಮ್ಮ ಮೌಲ್ಯಗಳನ್ನು ಅದರ ವೇರಿಯಬಲ್ ಕಡತ ಬರುವುದಕ್ಕೆ ಮೊದಲೇ ಕೊಟ್ಟರೆ ಅವೇ ನಿಲ್ಲುತ್ತವೆ.

ಡಾರ್ಕ್ ಮೋಡ್ ಎಂದರೆ ಬಣ್ಣಗಳನ್ನು ತಿರುಗಿಸಿ ಹಾಕುವುದಲ್ಲ. ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲವಾದ್ದರಿಂದ, ಮೇಲೆದ್ದಿರುವ ಮೆನು ಅಥವಾ ಕಾರ್ಡ್‌ನ ಹಿನ್ನೆಲೆಯನ್ನೇ ತುಸು ತಿಳಿಯಾಗಿಸಬೇಕು. ಗೂಗಲ್‌ನ ವಿನ್ಯಾಸ ಮಾರ್ಗಸೂಚಿಯಾದ ಮಟೀರಿಯಲ್ ಡಿಸೈನ್ ತನ್ನ ಡಾರ್ಕ್ ಥೀಮ್‌ನ ತಳಕ್ಕೆ ಅಚ್ಚ ಕಪ್ಪಿನ ಬದಲು #121212 ಎಂಬ ಗಾಢ ಬೂದು ಸೂಚಿಸಿದ್ದು ಮೇಲೆ-ಕೆಳಗಿನ ಇಂಥ ವ್ಯತ್ಯಾಸಕ್ಕೆ ಜಾಗ ಇರಲೆಂದು. ಕೀಬೋರ್ಡ್ ಬಳಸುವವರಿಗೆ ದಾರಿ ತೋರುವ ಫೋಕಸ್ ರೇಖೆಯನ್ನು (ಆಗ ಆಯ್ಕೆಯಾಗಿರುವ ಖಾನೆ ಅಥವಾ ಬಟನ್ ಸುತ್ತಲಿನ ಗೆರೆ) ಚೆಂದಕ್ಕೆಂದು ತೆಗೆದುಹಾಕುವ ಚಟವೂ ಬೇಡ. ಬೇಕಿದ್ದರೆ 2 ಪಿಕ್ಸೆಲ್ ದಪ್ಪದ, ಥೀಮ್‌ಗೆ ಹೊಂದುವ ಬೇರೆ ರೇಖೆ ಕೊಡಬಹುದು.

ಬಟನ್‌ಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಮಾಡದೆ ಒಳ ಅಂಚಿನಿಂದಲೇ ಎತ್ತರ ಬರುವಂತೆ ಮಾಡಬೇಕು. ಇಂಗ್ಲಿಷ್ ಪದಕ್ಕೆ ಸರಿಹೊಂದಿದ ಬಟನ್‌ನಲ್ಲಿ ಕನ್ನಡದ ಒತ್ತಕ್ಷರಗಳು ಕತ್ತರಿಸಿಹೋಗುವುದು ಈ ಬಿಗಿತದಿಂದಲೇ. ಪ್ರಕಟಿಸುವಾಗ ಲೈಬ್ರರಿಯ ಎಂಐಟಿ ಲೈಸೆನ್ಸ್‌ನ (ಮುಕ್ತ ಬಳಕೆಗೆ ಅನುಮತಿ ಕೊಡುವ ಪರವಾನಗಿ) ಹಕ್ಕುಸ್ವಾಮ್ಯ ಸೂಚನೆಯನ್ನು ಉಳಿಸಿಕೊಂಡು, ಸೇರಿಸಿದ ಫಾಂಟ್‌ನ ಲೈಸೆನ್ಸ್ ಕಡತವನ್ನೂ ಜೊತೆಗಿಡಬೇಕು, ಮತ್ತು ಆರಂಭದಲ್ಲಿ ಮಾಡಿಕೊಂಡ ಪರೀಕ್ಷಾ ಪುಟವನ್ನೇ ಡೆಮೊ ಆಗಿ ಕೊಡಬೇಕು.